ಅಪ್ಪನ ಆಂಪ್ಲಿಫೈರೂ ನನ್ನ ಕರೆಂಟ್ ಲೆಕ್ಕವೂ

ಬೆಂಗಳೂರಿನ ಒಂದು ಕಂಪನಿಯ ಇಂಟರ್‌ವ್ಯೂನಲ್ಲಿ ನನಗೆ ಕೇಳಿದ್ದು ಮೂರೇ ಪ್ರಶ್ನೆ. ಮೊದಲನೆಯದು ಹೆಸರು, ಊರು. ಎರಡನೆಯದು, 'ಕ್ಲಾಸ್ ಬಿ ಆಂಪ್ಲಿಫೈಯರ್‌ನ ಗರಿಷ್ಠ ದಕ್ಷತೆ ಎಷ್ಟು?' ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವರನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. 'ಶೇ 78.5 ಸರ್' ಅಂತ ಎದೆಯುಬ್ಬಿಸಿ ಹೇಳಿದೆ.

ಆ ಸರ್ ನನ್ನ ಬಯೋಡೇಟಾ ನೋಡಿದರು. ತಂದೆಯ ಉದ್ಯೋಗ ಎನ್ನುವ ಜಾಗದಲ್ಲಿ 'ಧ್ವನಿವರ್ಧಕ ಬಾಡಿಗೆ' ಅಂತ ಬರೆದಿದ್ದೆ. ಮೂರನೇ ಪ್ರಶ್ನೆ ಅಲ್ಲಿಂದ ಬಂತು. 'ನೂರರಲ್ಲಿ ಎಪ್ಪತ್ತೆಂಟು ಭಾಗ ಸ್ಪೀಕರಿಗೆ ಹೋದರೆ, ನಿಮ್ಮ ತಂದೆಯವರ ಆಂಪ್ಲಿಫೈಯರ್ ಮುಟ್ಟಿದರೆ ಕೈ ಯಾಕೆ ಸುಡುತ್ತೆ?'

ನಾನು ಬಾಯಿ ತೆರೆದೆ, ಮುಚ್ಚಿದೆ. ಹುಟ್ಟಿದಾಗಿನಿಂದ ಆ ಡಬ್ಬಿಗಳ ನಡುವೆಯೇ ಬೆಳೆದವನು ನಾನು. ಚಳಿಗಾಲದ ರಾತ್ರಿ ಕಾರ್ಯಕ್ರಮಗಳಲ್ಲಿ ಅವುಗಳ ಮೇಲೆ ಅಂಗೈ ಕಾಯಿಸಿಕೊಂಡವನು. ಆದರೂ ಅವು ಯಾಕೆ ಬಿಸಿಯಾಗುತ್ತವೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. 'ಸರಿ, ಫೋನ್ ಮಾಡ್ತೀವಿ' ಅಂದರು. ಈ ಮಾತಿನ ಅರ್ಥವೇನು ಅಂತ ಈ ಪುಟದ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೈಕ್‌ಸೆಟ್ ಮನೆ

ತಿಪಟೂರು ಕಡೆಯ ಒಂದು ಹೋಬಳಿ ನಮ್ಮೂರು. ಅಪ್ಪ ಮೈಕ್‌ಸೆಟ್ ಅಂಗಡಿ ಇಟ್ಟು ಮೂವತ್ತು ವರ್ಷ ದಾಟಿತು. ಮದುವೆ, ನಾಮಕರಣ, ಜಾತ್ರೆ, ಗಣಪತಿ, ಚುನಾವಣೆ ಬಂದರೆ ಆಟೊದ ಮೇಲೆ ಕಟ್ಟುವ ಹಾರ್ನ್. ನಮ್ಮನೆಯ ಅಕ್ಕಿ, ಬೇಳೆ, ನನ್ನ ಕಾಲೇಜು ಫೀಸು ಎಲ್ಲವೂ 'ಹಲೋ ಮೈಕ್ ಟೆಸ್ಟಿಂಗ್ ಒನ್ ಟೂ ತ್ರೀ' ಇಂದ ಬಂದದ್ದೇ.

ಅಪ್ಪನ ಹತ್ತಿರ ದೊಡ್ಡ ಆಂಪ್ಲಿಫೈರುಗಳು ನಾಲ್ಕಿವೆ. ಒಂದೊಂದೂ ಇಪ್ಪತ್ತು ಕೆ.ಜಿ.ಗಿಂತ ಹೆಚ್ಚು ತೂಕ. ಒಳಗೆ ತೆಂಗಿನಕಾಯಿ ಗಾತ್ರದ ಟ್ರಾನ್ಸ್‌ಫಾರ್ಮರ್, ಪಕ್ಕದಲ್ಲಿ ಅಲ್ಯೂಮಿನಿಯಂ ಪಟ್ಟಿಗಳ ಹೀಟ್‌ಸಿಂಕ್, ಹಿಂದೆ ಗೊರ್ ಎನ್ನುವ ಫ್ಯಾನು. ಇವಲ್ಲದೆ ಹಾರ್ನ್‌ಗಳಿಗೆ ಅಂತಲೇ ನೂರು ವ್ಯಾಟಿನ ಒಂದು ಹಳೇ ಆಂಪ್ಲಿಫೈರ್ ಇದೆ. ಅದಕ್ಕೆ ನನಗಿಂತ ಹೆಚ್ಚು ವಯಸ್ಸು.

ಎರಡು ವರ್ಷದಿಂದ ಅಂಗಡಿ ಕುಂಟುತ್ತಿತ್ತು. ಪಕ್ಕದ ಊರಿನವರು ಹೊಸ ಸೆಟ್ ತಂದಿದ್ದರು. ಗಣಪತಿ ಹಬ್ಬಕ್ಕೆ ನಮ್ಮ ಮೂರು ಖಾಯಂ ಕಮಿಟಿಗಳು ಅವರ ಕಡೆ ಹೋದವು. 'ಅಣ್ಣಾ, ಎದೆ ನಡುಗ್ಬೇಕು. ನಿಮ್ದು ಬರೀ ಕೇಳ್ಸುತ್ತೆ' ಅಂತ ಹುಡುಗರು ಅಪ್ಪನ ಮುಖಕ್ಕೇ ಹೇಳಿದರು.

ಇಂಟರ್‌ವ್ಯೂನಿಂದ ಸೋತು ಬಂದ ಸಿಟ್ಟಿಗೆ ನಾನು ಅಪ್ಪನಿಗೆ ಉಪದೇಶ ಶುರು ಮಾಡಿದೆ. ಕಾಲೇಜಿನಲ್ಲಿ ಪರಿಸರ ಕ್ಲಬ್ಬಿನ ಸೆಕ್ರೆಟರಿ ಆಗಿದ್ದವನು ನಾನು. ಸಸಿ ನೆಟ್ಟು ಫೋಟೊ ತೆಗೆಸಿಕೊಂಡವನು. 'ಅಪ್ಪಾ, ನಿನ್ನ ಸೆಟ್ಟೆಲ್ಲ ಕರೆಂಟ್ ತಿನ್ನೋ ರಾಕ್ಷಸರು. ಈಗ ಜಗತ್ತೇ ಕ್ಲಾಸ್ ಡಿಗೆ ಹೋಗಿದೆ. ನಾಲ್ಕನ್ನೂ ಗುಜರಿಗೆ ಹಾಕು. ಸೊಸೈಟಿಲಿ ಸಾಲ ಮಾಡಿ ಹೊಸದು ತಗೋ. ಡೀಸೆಲ್ ಉಳಿಯುತ್ತೆ, ಭೂಮಿನೂ ಉಳಿಯುತ್ತೆ' ಅಂದೆ.

ಅಪ್ಪ ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟ. 'ಭೂಮಿ ಉಳೀಲಿ, ಒಳ್ಳೇದೇ. ಸಾಲ ಯಾರ್ ತೀರ್ಸೋದು? ನಿಂಗೆ ಕೆಲ್ಸ ಸಿಕ್ತಾ? ಬಾಯಲ್ಲಿ ಹೇಳ್ಬೇಡ ಮಗ. ಎಷ್ಟ್ ತಿನ್ನುತ್ತೆ, ಎಷ್ಟ್ ಉಳ್ಯುತ್ತೆ ಅಂತ ಅಳ್ದು ತೋರ್ಸು. ಆಮೇಲೆ ನೋಡಣ.'

ಬಿಸಿಯ ಗುಟ್ಟು

ಅಳೆಯುವ ಮೊದಲು ಪುಸ್ತಕ ತೆರೆದೆ. ಪರೀಕ್ಷೆಗೆ ಓದಿದ್ದನ್ನೇ ಮತ್ತೆ ಓದಿದೆ, ಈ ಸಲ ಅಂಕಕ್ಕಾಗಿ ಅಲ್ಲ.

ಆಂಪ್ಲಿಫೈಯರ್‌ಗಳಲ್ಲಿ ಕ್ಲಾಸ್ ಎ ಅಂದರೆ ಬಸ್ ಸ್ಟ್ಯಾಂಡಿನಲ್ಲಿ ಹೊರಡದೆಯೂ ಎಂಜಿನ್ ಜೋರಾಗಿ ಆನ್ ಮಾಡಿಕೊಂಡು ನಿಂತ ಬಸ್ಸು. ಹಾಡು ಇರಲಿ ಬಿಡಲಿ, ಅದರ ಟ್ರಾನ್ಸಿಸ್ಟರುಗಳಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ. ಸರಳ ಸರ್ಕ್ಯೂಟಿನಲ್ಲಿ ಅದರ ದಕ್ಷತೆ ಹೆಚ್ಚೆಂದರೆ ಶೇ 25, ಟ್ರಾನ್ಸ್‌ಫಾರ್ಮರ್ ಸೇರಿಸಿದರೆ ಶೇ 50. ಅದೂ ಪೂರ್ತಿ ಸಾಮರ್ಥ್ಯದಲ್ಲಿ ನಡೆಸಿದಾಗ ಮಾತ್ರ. ನಾದ ಶುದ್ಧ ಎಂಬ ಕಾರಣಕ್ಕೆ ಇವತ್ತಿಗೂ ಅದನ್ನು ಪ್ರೀತಿಸುವವರಿದ್ದಾರೆ.

ಕ್ಲಾಸ್ ಬಿಯಲ್ಲಿ ಇಬ್ಬರು ಕೂಲಿಗಳು ಕೆಲಸ ಹಂಚಿಕೊಂಡ ಹಾಗೆ. ಅಲೆಯ ಮೇಲಿನ ಅರ್ಧ ಒಬ್ಬನಿಗೆ, ಕೆಳಗಿನ ಅರ್ಧ ಇನ್ನೊಬ್ಬನಿಗೆ. ಒಬ್ಬ ದುಡಿಯುವಾಗ ಇನ್ನೊಬ್ಬನಿಗೆ ವಿರಾಮ. ಇಬ್ಬರೂ ಕೈ ಬದಲಿಸುವಾಗ ಶಬ್ದ ಒಡೆಯದಿರಲಿ ಅಂತ ಸ್ವಲ್ಪ ಕರೆಂಟನ್ನು ಸದಾ ಹರಿಯಬಿಟ್ಟರೆ ಅದು ಕ್ಲಾಸ್ ಎಬಿ. ಅಪ್ಪನ ನಾಲ್ಕೂ ಇದೇ ಜಾತಿ.

ಈಗ ಇಂಟರ್‌ವ್ಯೂ ಪ್ರಶ್ನೆಗೆ ಬರೋಣ. ಶೇ 78.5 ಎನ್ನುವುದು ಒಂದೇ ಸಮನಾದ ಸೈನ್ ಅಲೆಯನ್ನು ಪೂರ್ತಿ ವಾಲ್ಯೂಮಿನಲ್ಲಿ ಹರಿಸಿದಾಗ ಸಿಗುವ ಅಂಕಿ. ಆದರೆ ಯಾವ ಹಾಡೂ ಹಾಗಿರುವುದಿಲ್ಲ. ಡೋಲು ಬಿದ್ದಾಗ ಒಂದು ಏಟು, ಮಧ್ಯೆ ದನಿ, ಮಧ್ಯೆ ಮೌನ. ಸಂಗೀತದ ಸರಾಸರಿ ಶಕ್ತಿ ಆಂಪ್ಲಿಫೈಯರ್‌ನ ಪೂರ್ತಿ ಸಾಮರ್ಥ್ಯದ ಎಂಟನೇ ಒಂದು ಭಾಗ ಅಂತ ಹಿಡಿಯುವುದು ಈ ಉದ್ಯಮದ ರೂಢಿ. ಕ್ಲಾಸ್ ಬಿಯ ದಕ್ಷತೆ ಶಕ್ತಿಯ ವರ್ಗಮೂಲದ ಜೊತೆ ಇಳಿಯುತ್ತದೆ. ಎಂಟನೇ ಒಂದು ಭಾಗದಲ್ಲಿ ಲೆಕ್ಕ ಹಾಕಿದರೆ ಬರುವುದು ಸುಮಾರು ಶೇ 28. ನೂರನೇ ಒಂದು ಭಾಗದಲ್ಲಿ, ಅಂದರೆ ಮನೆಯಲ್ಲಿ ಮೆಲ್ಲಗೆ ಹಾಡು ಕೇಳುವಾಗ, ಶೇ 8ಕ್ಕೂ ಕಡಿಮೆ.

ಪುಸ್ತಕದಲ್ಲಿ ಈ ಸೂತ್ರ ಇತ್ತು. 78.5ಕ್ಕೆ ಕೆಂಪು ಗೆರೆ ಹಾಕಿದ್ದ ನಾನು ಅದರ ಮೇಲಿನ ಎರಡು ಸಾಲು ಓದಿರಲಿಲ್ಲ. ನೂರರಲ್ಲಿ ಎಪ್ಪತ್ತೆರಡು ಭಾಗ ಬಿಸಿಯಾಗಿ ಹೋಗುತ್ತದೆ. ಕೈ ಸುಡದೆ ಇನ್ನೇನಾಗುತ್ತೆ?

ಫ್ಯಾನ್ ರೆಗ್ಯುಲೇಟರಿನ ಪಾಠ

ಕ್ಲಾಸ್ ಡಿಯನ್ನು ಅಪ್ಪನಿಗೆ ವಿವರಿಸಲು ನಮ್ಮನೆಯ ಗೋಡೆಯೇ ಸಾಕಾಯಿತು. ಹಳೇ ಮನೆಗಳಲ್ಲಿ ಕಪ್ಪು ಡಬ್ಬಿಯಂಥ ಫ್ಯಾನ್ ರೆಗ್ಯುಲೇಟರ್ ಇರುತ್ತಿತ್ತಲ್ಲ, ಫ್ಯಾನ್ ನಿಧಾನ ಮಾಡಿದಷ್ಟೂ ಅದು ಬಿಸಿಯಾಗುತ್ತಿತ್ತು. ಫ್ಯಾನಿಗೆ ಬೇಡವಾದ ಕರೆಂಟನ್ನು ತಾನೇ ಸುಡುತ್ತಿತ್ತು. ಎಬಿ ಆಂಪ್ಲಿಫೈಯರ್ ಕೆಲಸ ಮಾಡುವುದೂ ಹೆಚ್ಚುಕಡಿಮೆ ಹಾಗೇ. ಅದರ ಟ್ರಾನ್ಸಿಸ್ಟರ್ ಅರ್ಧ ತೆರೆದ ನಲ್ಲಿ. ಅರ್ಧ ತೆರೆದಾಗಲೇ ಬಿಸಿ ಹೆಚ್ಚು.

ಕ್ಲಾಸ್ ಡಿಯಲ್ಲಿ ನಲ್ಲಿ ಅರ್ಧ ತೆರೆಯುವ ಮಾತೇ ಇಲ್ಲ. ಪೂರ್ತಿ ತೆರೆ, ಪೂರ್ತಿ ಮುಚ್ಚು. ಸೆಕೆಂಡಿಗೆ ಲಕ್ಷಗಟ್ಟಲೆ ಸಲ. ಎಷ್ಟು ಹೊತ್ತು ತೆರೆದಿತ್ತು ಎನ್ನುವುದರ ಮೇಲೆ ಶಬ್ದದ ಏರಿಳಿತ ನಿರ್ಧಾರವಾಗುತ್ತದೆ. ಕೊನೆಯಲ್ಲಿ ಒಂದು ಕಾಯಿಲ್, ಒಂದು ಕೆಪಾಸಿಟರ್ ಸೇರಿ ಆ ಚೂರುಗಳನ್ನು ನಯಮಾಡಿ ಸ್ಪೀಕರಿಗೆ ಕೊಡುತ್ತವೆ. ಪೂರ್ತಿ ತೆರೆದ ನಲ್ಲಿಯಲ್ಲೂ ಪೂರ್ತಿ ಮುಚ್ಚಿದ ನಲ್ಲಿಯಲ್ಲೂ ನಷ್ಟ ಕಡಿಮೆ. ಹಾಗಾಗಿ ಒಳ್ಳೆಯ ಕ್ಲಾಸ್ ಡಿ ಶೇ 90ರ ಆಸುಪಾಸಿನ ದಕ್ಷತೆ ಕೊಡುತ್ತದೆ.

'ಡಿ' ಅಂದರೆ ಡಿಜಿಟಲ್ ಅಂತ ಬಹಳ ಜನ ತಿಳಿದಿದ್ದಾರೆ, ನಾನೂ ತಿಳಿದಿದ್ದೆ. ಎ, ಬಿ, ಸಿ ಆದಮೇಲೆ ಬಂದ ಅಕ್ಷರ ಅದು, ಅಷ್ಟೇ. ವಿಚಾರವೂ ಹೊಸದಲ್ಲ. ಇಂಗ್ಲೆಂಡಿನ ಸಿಂಕ್ಲೇರ್ ಕಂಪನಿ 1964ರಲ್ಲೇ ಎಕ್ಸ್-10 ಎಂಬ ಕ್ಲಾಸ್ ಡಿ ಕಿಟ್ ಮಾರಿತ್ತು. ಆಗಿನ ಟ್ರಾನ್ಸಿಸ್ಟರುಗಳಿಗೆ ಅಷ್ಟು ವೇಗದಲ್ಲಿ ತೆರೆದು ಮುಚ್ಚುವ ತಾಕತ್ತು ಇರಲಿಲ್ಲ. ಮಾಸ್ಫೆಟ್‌ಗಳು ಬಂದಮೇಲೆ ಅದಕ್ಕೆ ಕಾಲ ಕೂಡಿಬಂತು. ಇವತ್ತು ನಿಮ್ಮ ಜೇಬಿನ ಮೊಬೈಲಿನಲ್ಲಿ, ಹಾಸ್ಟೆಲ್ ರೂಮಿನ ಬ್ಲೂಟೂತ್ ಸ್ಪೀಕರಿನಲ್ಲಿ ಹಾಡುತ್ತಿರುವುದು ಬಹುತೇಕ ಅದೇ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಟಿಪಿಎ3116 ಚಿಪ್ಪಿನ ಅಂಗೈಯಗಲದ ಬೋರ್ಡು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಪ್ರಾಜೆಕ್ಟ್ ಹುಡುಕುತ್ತಿರುವವರು ನೋಡಬಹುದು.

ತೆಂಗಿನ ತೋಟದ ಪ್ರಯೋಗ

ಅಪ್ಪನ ಸ್ನೇಹಿತರೊಬ್ಬರು ತುಮಕೂರಿನಲ್ಲಿ ಇದೇ ವ್ಯಾಪಾರ ಮಾಡುತ್ತಾರೆ. ಅವರಿಂದ ಒಂದು ಕ್ಲಾಸ್ ಡಿ ಆಂಪ್ಲಿಫೈರನ್ನು ಒಂದು ದಿನದ ಮಟ್ಟಿಗೆ ಕೇಳಿ ತಂದೆ. ನಮ್ಮ ಹಳೆಯದರಷ್ಟೇ ಸಾಮರ್ಥ್ಯ, ಚಾನೆಲ್ಲಿಗೆ 500 ವ್ಯಾಟ್. ಒಂದೇ ಕೈಯಲ್ಲಿ ಎತ್ತಿದಾಗ ಅಪ್ಪನಿಗೆ ನಂಬಿಕೆ ಬರಲಿಲ್ಲ. 'ಒಳಗೆ ಏನಾದ್ರೂ ಹಾಕವ್ರ?' ಅಂತ ಅಲ್ಲಾಡಿಸಿ ನೋಡಿದ.

ಪ್ಲಗ್ಗಿಗೆ ಸಿಕ್ಕಿಸುವ ಎನರ್ಜಿ ಮೀಟರ್ ಒಂದನ್ನು ಆನ್‌ಲೈನಿನಲ್ಲಿ ತರಿಸಿದ್ದೆ. ತೋಟದಲ್ಲಿ ಬಾಕ್ಸ್ ನಿಲ್ಲಿಸಿ, ಹತ್ತು ಹೆಜ್ಜೆ ದೂರದಲ್ಲಿ ಮೊಬೈಲಿನ ಡೆಸಿಬಲ್ ಆ್ಯಪ್ ಇಟ್ಟು, ಎರಡೂ ಆಂಪ್ಲಿಫೈರುಗಳು ಒಂದೇ ಮಟ್ಟದ ಶಬ್ದ ಕೊಡುವಂತೆ ಹೊಂದಿಸಿದೆ. ಒಂದೇ ಹಾಡುಗಳ ಪಟ್ಟಿ, ಒಂದೊಂದಕ್ಕೆ ಒಂದು ಗಂಟೆ. ಡೋಲು ಬಿದ್ದಾಗಲೆಲ್ಲ ಮೀಟರಿನ ವ್ಯಾಟ್ ಅಂಕಿ ಕುಣಿಯುತ್ತದೆ, ಅದನ್ನು ನಂಬುವ ಹಾಗಿಲ್ಲ. ಅದಕ್ಕೇ ಒಂದು ಗಂಟೆಯಲ್ಲಿ ಎಷ್ಟು ಯೂನಿಟ್ ಓಡಿತು ಅಂತ ಬರೆದುಕೊಂಡೆ. ಮಧ್ಯೆ ಮೂರು ಜನ ಬೇಲಿ ಹತ್ತಿರ ಬಂದು 'ಯಾರ್ದಪ್ಪ ಮದ್ವೆ?' ಅಂತ ಕೇಳಿ ಹೋದರು.

ಹಾಡೇ ಇಲ್ಲದೆ ಸುಮ್ಮನೆ ಆನ್ ಮಾಡಿಟ್ಟಾಗ ಹಳೆಯದು 70 ವ್ಯಾಟ್, ಹೊಸದು 24 ವ್ಯಾಟ್ ತೆಗೆದುಕೊಂಡಿತು. ಒಂದು ಗಂಟೆ ಹಾಡಿದಾಗ ಹಳೆಯದು 0.48 ಯೂನಿಟ್, ಹೊಸದು 0.19 ಯೂನಿಟ್. ಅರ್ಧಕ್ಕಿಂತ ಕಡಿಮೆ! ನಾನು ಗೆದ್ದೆ ಅಂದುಕೊಂಡೆ.

ಅಪ್ಪ ಹಳೇ ಬಿಲ್ ಬುಕ್ಕಿನ ಹಿಂದೆ ಲೆಕ್ಕ ಹಾಕತೊಡಗಿದ. ನಾಲ್ಕು ಆಂಪ್ಲಿಫೈರಿಗೆ ಗಂಟೆಗೆ 1.16 ಯೂನಿಟ್ ಉಳಿತಾಯ. ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ ಅರವತ್ತು ಕಾರ್ಯಕ್ರಮ ಅಂದರೆ ಸುಮಾರು 557 ಯೂನಿಟ್. ಜನರೇಟರ್ ಲೀಟರ್ ಡೀಸೆಲಿಗೆ ಮೂರು ಯೂನಿಟ್ ಕೊಡುತ್ತದೆ ಅಂತ ಹಿಡಿದರೆ 185 ಲೀಟರ್ ಡೀಸೆಲ್. ಲೀಟರಿಗೆ 90 ರೂಪಾಯಿಯಂತೆ 16,650 ರೂಪಾಯಿ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಹಾಗಾಗಿ ವರ್ಷಕ್ಕೆ ಅರ್ಧ ಟನ್ ಹೊಗೆ ಉಳಿತಾಯ ಅಂತ ನಾನು ಸೇರಿಸಿದೆ.

'ಹೊಸಾವು ನಾಕಕ್ಕೆ ಎಷ್ಟಾಗುತ್ತೆ?'

'ಒಂದು ಲಕ್ಷದ ಎಂಬತ್ತು ಸಾವಿರ.'

'ಹನ್ನೊಂದು ವರ್ಷ ಬೇಕಲ್ಲೋ ಅಸಲು ಹುಟ್ಟಕ್ಕೆ! ಬಡ್ಡಿ ಬೇರೆ. ಅಷ್ಟೊತ್ತಿಗೆ ನಿನ್ನ ಮಕ್ಳು ಸ್ಕೂಲಿಗೆ ಹೋಗ್ತಿರ್ತವೆ.'

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪ್ಪ ಇನ್ನೂ ಎರಡು ಮಾತು ಹೇಳಿದ, ಎರಡೂ ಸರಿಯಾಗಿದ್ದವು. ಜನರೇಟರ್ ದೊಡ್ಡದೇ ಇದ್ದು ಅದರ ಮೇಲಿನ ಹೊರೆ ಮಾತ್ರ ಕಡಿಮೆಯಾದರೆ ಡೀಸೆಲ್ ಆ ಲೆಕ್ಕದಲ್ಲಿ ಉಳಿಯುವುದಿಲ್ಲ. ಕಡಿಮೆ ಹೊರೆಯಲ್ಲಿ ಜನರೇಟರ್ ದಂಡಕ್ಕೆ ಉರಿಯುತ್ತದೆ. ಇನ್ನೊಂದು, ಹಳೆಯದು ಕೆಟ್ಟರೆ ಎರಡು ಟ್ರಾನ್ಸಿಸ್ಟರ್ ಬದಲಿಸಿ ಸಂಜೆಯೊಳಗೆ ಸರಿಮಾಡುತ್ತಾನೆ. ಸಾಸಿವೆಯಂಥ ಬಿಡಿಭಾಗಗಳಿರುವ ಹೊಸ ಬೋರ್ಡು ಕೆಟ್ಟರೆ ಇಡೀ ಬೋರ್ಡನ್ನೇ ಬದಲಿಸಬೇಕು. ಕಿತ್ತ ಬೋರ್ಡು ಇ-ತ್ಯಾಜ್ಯ. ಕರೆಂಟ್ ಉಳಿಸಿದ ಪುಣ್ಯ ಅಲ್ಲಿ ಸ್ವಲ್ಪ ಕರಗುತ್ತದೆ. ಮೂವತ್ತು ವರ್ಷ ಬಾಳಿದ ಡಬ್ಬಿಯನ್ನು ಗುಜರಿಗೆ ಹಾಕು ಅಂದ ಪರಿಸರ ಕ್ಲಬ್ಬಿನ ಸೆಕ್ರೆಟರಿಗೆ ಇದು ಹೊಳೆದಿರಲಿಲ್ಲ.

ಹಾರ್ನ್ ಹೇಳಿದ ಸತ್ಯ

ಅಪ್ಪ ನನಗೆ ತೋರಿಸಿದ ದೊಡ್ಡ ವಿಷಯ ಬೇರೆಯೇ ಇತ್ತು. 'ನೀನು ಆಂಪ್ಲಿಫೈರ್ ಒಂದನ್ನೇ ಹಿಡ್ಕಂಡಿದ್ದೀಯ. ಅದರ ಮುಂದೆ ಏನೈತೆ ನೋಡು' ಅಂದ.

ಮುಂದೆ ಇರುವುದು ಸ್ಪೀಕರ್. ಮನೆಯಲ್ಲಿಡುವ ಸಾಮಾನ್ಯ ಸ್ಪೀಕರ್ ತನಗೆ ಬಂದ ವಿದ್ಯುತ್ತಿನಲ್ಲಿ ಶಬ್ದ ಮಾಡುವುದು ಸುಮಾರು ಶೇ 1ರಷ್ಟನ್ನು ಮಾತ್ರ. ಮಿಕ್ಕದ್ದು ಕಾಯಿಲ್ ಬಿಸಿ ಮಾಡಲು ಹೋಗುತ್ತದೆ. ಹಾರ್ನ್ ಹಾಗಲ್ಲ. ಆ ತುತ್ತೂರಿ ಬಾಯಿ ಗಾಳಿಯನ್ನು ಚೆನ್ನಾಗಿ ಹಿಡಿದು ತಳ್ಳುತ್ತದೆ, ಆದ್ದರಿಂದ ಶೇ 10ರಿಂದ 30ರವರೆಗೂ ಶಬ್ದವಾಗಬಲ್ಲದು. ಅದಕ್ಕೇ ಹಿಂದೆ ಕಂಬಕ್ಕೊಂದು ಹಾರ್ನ್ ಕಟ್ಟಿ, ನೂರು ವೋಲ್ಟ್ ಲೈನ್ ಎಳೆದು, ಬರೀ ನೂರು ವ್ಯಾಟಿನ ಒಂದು ಆಂಪ್ಲಿಫೈರಿನಲ್ಲಿ ಇಡೀ ಜಾತ್ರೆಗೆ ಕೇಳಿಸುತ್ತಿದ್ದರು. ಬೇಸ್ ಇರಲಿಲ್ಲ, ಮಾಧುರ್ಯವೂ ಅಷ್ಟಕ್ಕಷ್ಟೇ. ಆದರೆ ಮಾತು ಕೇಳುತ್ತಿತ್ತು. ಈಗ ಅದೇ ಜಾತ್ರೆಗೆ ಸಾವಿರಗಟ್ಟಲೆ ವ್ಯಾಟ್ ಹೋಗುತ್ತದೆ.

ಅಪ್ಪನ ಇನ್ನೊಂದು ಸೂತ್ರ, 'ಬಾಕ್ಸ್ ಹತ್ರ ಇಡು, ವಾಲ್ಯೂಮ್ ಇಳ್ಸು.' ಬಯಲಿನಲ್ಲಿ ಸ್ಪೀಕರಿನ ದೂರ ಅರ್ಧ ಮಾಡಿದರೆ ಕಿವಿಗೆ 6 ಡೆಸಿಬಲ್ ಲಾಭ. ಅಂದರೆ ಅಷ್ಟೇ ಶಬ್ದಕ್ಕೆ ಕಾಲು ಭಾಗ ಶಕ್ತಿ ಸಾಕು. ಎಸ್ಸೆಸ್ಸೆಲ್ಸಿ ದಾಟದ ಅಪ್ಪ ಇದನ್ನು ಭೌತಶಾಸ್ತ್ರ ಅಂತ ಕರೆದಿಲ್ಲ, ಅನುಭವ ಅನ್ನುತ್ತಾನೆ.

ಇದಕ್ಕೆ ತಿರುಗುಮುರುಗಾದದ್ದು ನಮ್ಮ ಹುಡುಗರ 'ಎದೆ ನಡುಗ್ಬೇಕು'. ಶಬ್ದ 3 ಡೆಸಿಬಲ್ ಏರಬೇಕಾದರೆ ಶಕ್ತಿ ದುಪ್ಪಟ್ಟಾಗಬೇಕು, ಆದರೂ ಕಿವಿಗೆ 'ಸ್ವಲ್ಪ ಜೋರಾಯಿತು' ಅನ್ನಿಸುತ್ತದೆ ಅಷ್ಟೇ. ಎರಡರಷ್ಟು ಜೋರು ಅನ್ನಿಸಬೇಕಾದರೆ ಶಕ್ತಿ ಹತ್ತು ಪಟ್ಟು ಬೇಕು. ಆಂಪ್ಲಿಫೈರ್ ಹಗುರಾಗಿ, ಅಗ್ಗವಾಗಿ, ತಂಪಾಗಿ ಬಂದಮೇಲೆ ಅಂಗಡಿಯವರು ಎರಡರ ಜಾಗದಲ್ಲಿ ಎಂಟು ತರುತ್ತಾರೆ. ಉಳಿದ ಕರೆಂಟು ಬೇಸ್ ಆಗಿ ಹೋಗುತ್ತದೆ. ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞ 1865ರಲ್ಲೇ ಕಲ್ಲಿದ್ದಲಿನ ಬಗ್ಗೆ ಇದನ್ನೇ ಹೇಳಿದ್ದ. ಉಗಿ ಎಂಜಿನ್ ಹೆಚ್ಚು ದಕ್ಷವಾದಷ್ಟೂ ಕಲ್ಲಿದ್ದಲು ಬಳಕೆ ಇಳಿಯುವ ಬದಲು ಏರುತ್ತದೆ ಅಂತ.

ಶಬ್ದಕ್ಕೂ ಒಂದು ಕಾನೂನಿದೆ. ಶಬ್ದ ಮಾಲಿನ್ಯ ನಿಯಮಗಳು ಬಂದದ್ದು 2000ದಲ್ಲಿ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಒಮ್ಮೆ ಕಮಿಟಿಯವರು ಹನ್ನೊಂದಾದರೂ ನಿಲ್ಲಿಸಲು ಬಿಡದೆ, ಕೊನೆಗೆ ಅಪ್ಪನ ಸೆಟ್ಟೇ ಎರಡು ದಿನ ಠಾಣೆಯಲ್ಲಿ ಕೂತಿತ್ತು. ಕುಣಿದವರು ಯಾರೋ, ಠಾಣೆ ಬಾಗಿಲಲ್ಲಿ ನಿಂತವರು ನಾವು.

ಮನೆಯ ರಾಕ್ಷಸ ಯಾರು?

ಮೀಟರ್ ಕೈಯಲ್ಲಿದ್ದ ಮೇಲೆ ಸುಮ್ಮನಿರಲಾಗುತ್ತದೆಯೇ? ಮನೆಯ ಎಲ್ಲ ಪ್ಲಗ್ಗಿಗೂ ಸಿಕ್ಕಿಸಿದೆ. ನನ್ನ ಪ್ರೀತಿಯ ಹೋಂ ಥಿಯೇಟರ್, ನಾನೇ ಹಠ ಮಾಡಿ ಕೊಡಿಸಿಕೊಂಡದ್ದು, ಹಾಡದೆ ಕೂತಾಗಲೂ 22 ವ್ಯಾಟ್ ಎಳೆಯುತ್ತಿತ್ತು. ಗೋಡೆಯ ಸ್ವಿಚ್ ನಾನು ಯಾವತ್ತೂ ಆರಿಸಿದವನಲ್ಲ. ದಿನಕ್ಕೆ 24 ಗಂಟೆಯಂತೆ ತಿಂಗಳಿಗೆ ಹದಿನೈದು ಯೂನಿಟ್‌ಗಿಂತ ಹೆಚ್ಚು. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ ಸೊನ್ನೆ ಬರುವ ಮನೆಗಳಲ್ಲಿ ಮೀಟರ್ ಕಡೆ ನೋಡುವವರು ಯಾರು? ಬಿಲ್ ಸೊನ್ನೆಯಾದರೂ ಉರಿದ ಕಲ್ಲಿದ್ದಲು ಸೊನ್ನೆ ಅಲ್ಲ. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ.

ಸುಮ್ಮನಿದ್ದಾಗ ತಿನ್ನುವ ಈ ಕರೆಂಟಿನ ಮೇಲೆ ಜಗತ್ತು ಬಹಳ ಹಿಂದೆಯೇ ಕಣ್ಣಿಟ್ಟಿತ್ತು. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 1999ರಲ್ಲಿ 'ಒಂದೇ ವ್ಯಾಟ್' ಎಂಬ ಗುರಿ ಮುಂದಿಟ್ಟಿತು. ಯುರೋಪ್ ಒಕ್ಕೂಟ 2013ರಿಂದ ಸ್ಟ್ಯಾಂಡ್‌ಬೈ ಮಿತಿಯನ್ನು ಅರ್ಧ ವ್ಯಾಟಿಗೆ ಇಳಿಸಿತು. ಹೊಸ ಸೆಟ್ಟುಗಳು ಸ್ವಲ್ಪ ಹೊತ್ತು ಹಾಡದಿದ್ದರೆ ತಾವೇ ಮಲಗುವುದು ಇಂಥ ನಿಯಮಗಳಿಂದಲೇ.

ನಮ್ಮ ಲೆಕ್ಚರರ್ ಒಬ್ಬರ ಮನೆಯಲ್ಲಿ ವಾಲ್ವ್ ಆಂಪ್ಲಿಫೈಯರ್ ಇದೆ. ನಾಲ್ಕು ಇಎಲ್34 ವಾಲ್ವುಗಳು ಕೆಂಡದ ಹಾಗೆ ಹೊಳೆಯುತ್ತವೆ. ಒಳಗಿನ ತಂತಿ ಕಾಯಿಸಲಿಕ್ಕೇ ಒಂದೊಂದಕ್ಕೆ ಒಂಬತ್ತೂವರೆ ವ್ಯಾಟ್ ಬೇಕು, ಎಲ್ಲ ಸೇರಿ ನೂರು ವ್ಯಾಟ್ ದಾಟುತ್ತದೆ. 'ಸರ್, ಇದು ಪರಿಸರಕ್ಕೆ ದ್ರೋಹ ಅಲ್ವಾ?' ಅಂತ ಕೇಳುವವನಿದ್ದೆ. ಅವರು ಅದನ್ನು ಹಚ್ಚುವುದು ಭಾನುವಾರ ಎರಡು ಗಂಟೆ ಮಾತ್ರ. ತಿಂಗಳಿಗೆ ಒಂದು ಯೂನಿಟ್ ಆಸುಪಾಸು. ನನ್ನ 'ದಕ್ಷ' ಹೋಂ ಥಿಯೇಟರ್ ಮೌನವಾಗಿ ತಿಂದದ್ದು ಅದರ ಹದಿನೈದು ಪಟ್ಟು. ಬಾಯಿ ಮುಚ್ಚಿಕೊಂಡು ಅವರು ಹಾಕಿದ ಕರ್ನಾಟಕ ಸಂಗೀತ ಕೇಳಿ, ಕಾಫಿ ಕುಡಿದು ಬಂದೆ. ಇಂಥ ಆಂಪ್ಲಿಫೈಯರ್‌ಗಳಿಗೆ ಮುಂದೆಯೂ ಜಾಗ ಇದೆ ಅಂತ ನನಗನ್ನಿಸುತ್ತದೆ, ಹಬ್ಬಕ್ಕೆ ಉಡುವ ರೇಷ್ಮೆ ಸೀರೆಯ ಹಾಗೆ. ದಿನಾ ಉಡುವುದಕ್ಕಲ್ಲ.

ಜನರೇಟರ್ ಇಲ್ಲದ ರಾಜ್ಯೋತ್ಸವ

ಕೊನೆಗೆ ಅಪ್ಪ ಮತ್ತು ನಾನು ರಾಜಿಯಾದೆವು. ನಾಲ್ಕರ ಬದಲು ಎರಡೇ ಹೊಸ ಆಂಪ್ಲಿಫೈರ್. ಸಾಲ ಅರ್ಧವಾಯಿತು. ಹೆಚ್ಚು ಶಕ್ತಿ ನುಂಗುವುದು ಬೇಸ್, ಆದ್ದರಿಂದ ಹೊಸವು ಬೇಸಿಗೆ. ಹಳೆಯದರಲ್ಲಿ ಎರಡನ್ನು ಮಾತ್ರ ಉಳಿದ ಬಾಕ್ಸುಗಳಿಗೆ ಬಳಸುವುದು, ಮತ್ತೆರಡು ದೊಡ್ಡ ಜಾತ್ರೆಗೆ ಅಂತ ಒಳಗಿಡುವುದು. ಚಿಕ್ಕ ಕಾರ್ಯಕ್ರಮಕ್ಕೆ ದೊಡ್ಡ ಜನರೇಟರ್ ಕೊಂಡೊಯ್ಯುವುದು ಬಂದ್. ಸ್ಟೇಜಿನ ದೊಡ್ಡ ಹ್ಯಾಲೊಜನ್ ಲೈಟುಗಳನ್ನು ಅಪ್ಪ ಮೊದಲೇ ಎಲ್‌ಇಡಿಗೆ ಬದಲಿಸಿದ್ದ. ಯಾವ ಪರಿಸರ ಕ್ಲಬ್ಬಿನವರೂ ಅವನಿಗೆ ಹೇಳಿರಲಿಲ್ಲ, ಡೀಸೆಲ್ ಬಿಲ್ ಹೇಳಿತ್ತು.

ನವೆಂಬರ್ 1ಕ್ಕೆ ನಮ್ಮೂರ ಸರ್ಕಾರಿ ಶಾಲೆಯ ರಾಜ್ಯೋತ್ಸವ. ಅಲ್ಲಿ ಯಾವಾಗಲೂ ಕರೆಂಟ್ ಹೋಗುತ್ತದೆ, ಜನರೇಟರ್ ಬೇಕೇ ಬೇಕು. ನಾನು ಹಟ ಹಿಡಿದೆ. ಮನೆಯ ಇನ್ವರ್ಟರ್, 150 ಎಎಚ್ ಬ್ಯಾಟರಿಯನ್ನು ಆಟೊದಲ್ಲಿ ಹಾಕಿಕೊಂಡು ಹೋದೆವು. ಒಂದು ಹೊಸ ಆಂಪ್ಲಿಫೈರ್, ಎರಡು ಬಾಕ್ಸ್, ಎರಡು ಮೈಕ್. ಬ್ಯಾಟರಿಯಲ್ಲಿರುವುದು 1.8 ಯೂನಿಟ್, ಅರ್ಧ ಬಳಸಿದರೂ ಮೂರು ಗಂಟೆ ಆರಾಮಾಗಿ ನಡೆಯಬೇಕು ಅಂತ ನನ್ನ ಲೆಕ್ಕ. ಅಪ್ಪ ನಂಬದೆ ಜನರೇಟರನ್ನೂ ಶಾಲೆಯ ಹಿಂದೆ ತಂದು ನಿಲ್ಲಿಸಿದ್ದ, ಮಗನ ಮಾನ ಹೋಗದಿರಲಿ ಅಂತ.

ಹತ್ತೂವರೆಗೆ ಕರೆಂಟ್ ಹೋಯಿತು. ಮೈಕ್ ನಿಲ್ಲಲಿಲ್ಲ. ಅಪ್ಪ ವಾಲ್ಯೂಮ್ ಮೇಲೆ ಕೈಯಿಟ್ಟು ನಿಂತಿದ್ದವನು ಅದನ್ನು ಇಳಿಸಿದ. ಇನ್ನೊಮ್ಮೆ ಇಳಿಸಿದ.

'ಯಾಕಪ್ಪಾ, ಬ್ಯಾಟರಿ ಹೆದರಿಕೆನಾ?'

'ಅಲ್ವೋ. ಜನರೇಟರ್ ಸದ್ದಿಲ್ಲ ನೋಡು. ಇಷ್ಟ್ ದಿನ ಅದರ ಸದ್ದು ಮುಚ್ಚಕ್ಕೇ ನಾವು ಕೂಗಿಸ್ತಾ ಇದ್ವಿ.'

ಮೂವತ್ತು ವರ್ಷದ ಅನುಭವಕ್ಕೂ ನನ್ನ ಡಿಪ್ಲೊಮಾಕ್ಕೂ ಹೊಳೆಯದ ಸಂಗತಿ ಅದು. ಡೀಸೆಲ್ ಸುಟ್ಟು ಗದ್ದಲ ಎಬ್ಬಿಸುವುದು, ಆ ಗದ್ದಲ ಮೀರಲು ಇನ್ನಷ್ಟು ಡೀಸೆಲ್ ಸುಡುವುದು. ಸ್ಟೇಜಿನ ಮೇಲೆ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಮೈಕಿನಿಂದ ಒಂದು ಮೊಳ ದೂರ ನಿಂತು ಭಾಷಣ ಒಪ್ಪಿಸುತ್ತಿದ್ದಳು. ಹಿಂದಿನ ಬೆಂಚಿನ ಅಜ್ಜಿಯರಿಗೂ ಅವಳ ಮಾತು ಕೇಳಿಸಿತು. ಜನರೇಟರನ್ನು ಆ ದಿನ ಹಗ್ಗ ಬಿಚ್ಚದೆ ಮನೆಗೆ ವಾಪಸ್ ತಂದೆವು.

ಈಗ ಹತ್ತಿರದ ಎರಡು ಶಾಲೆ, ಒಂದು ಸಂಘದವರು 'ಆ ಸದ್ದಿಲ್ಲದ ಸೆಟ್ ಕಳ್ಸಿ' ಅಂತ ಕೇಳಿದ್ದಾರೆ. ಎದೆ ನಡುಗಿಸುವ ಕಮಿಟಿಗಳು ವಾಪಸ್ ಬಂದಿಲ್ಲ, ಬರುವ ಹಾಗೂ ಕಾಣುವುದಿಲ್ಲ. ಹಳೇ ನೂರು ವ್ಯಾಟಿನ ಆಂಪ್ಲಿಫೈರ್ ಇನ್ನೂ ಹಾರ್ನ್ ನಡೆಸುತ್ತಿದೆ.

ನನ್ನ ಹಾಗೆ ಫೋನಿಗೆ ಕಾಯುತ್ತಿರುವ ಗೆಳೆಯ ಗೆಳತಿಯರಿಗೆ ಒಂದೇ ಮಾತು. ಬಾಯಿಪಾಠದ ಅಂಕಿಯೊಂದನ್ನು ಹಿಡಿದುಕೊಂಡು, ಅದು ನಿಮ್ಮ ಮನೆಯಲ್ಲಿ ನಿಜವೇ ಅಂತ ಒಮ್ಮೆ ಅಳೆದು ನೋಡಿ. ಇಂಧನ ಉಳಿತಾಯವೇ ಒಂದು ವೃತ್ತಿ ಕೂಡ. 2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ ಬಂದ ಬ್ಯೂರೊ ಆಫ್ ಎನರ್ಜಿ ಎಫಿಷಿಯೆನ್ಸಿ, ಎನರ್ಜಿ ಆಡಿಟರ್ ಆಗುವವರಿಗೆ ರಾಷ್ಟ್ರಮಟ್ಟದ ಪರೀಕ್ಷೆ ನಡೆಸುತ್ತದೆ. ಓದಿನ ಜೊತೆ ಅನುಭವವೂ ಬೇಕು. ನಾನು ಅನುಭವದ ಖಾತೆ ತೆರೆದಿದ್ದೇನೆ.

ಮೊನ್ನೆ ಇನ್ನೊಂದು ಇಂಟರ್‌ವ್ಯೂಗೆ ಹೋಗಿದ್ದೆ. ಆಂಪ್ಲಿಫೈಯರ್ ಯಾಕೆ ಬಿಸಿಯಾಗುತ್ತೆ ಅಂತ ಕೇಳಿದರೆ ಹೇಳಲು ಇಷ್ಟೆಲ್ಲ ಸಿದ್ಧಮಾಡಿಕೊಂಡಿದ್ದೆ. ಅವರು ಕೇಳಲೇ ಇಲ್ಲ. ಅದಕ್ಕೇ ನಿಮಗೆ ಹೇಳಿದೆ.